ಸಹಿಯಿಲ್ಲದ ಚೀಟಿ

ಕಳೆದ ಮಳೆಗಾಲದಲ್ಲಿ ರೋಗಿಗಳ ಭೇಟಿಗೆಂದು ನಮ್ಮ ಧರ್ಮಕೇಂದ್ರದ ದೂರದ ವಾಳೆಯೊಂದಕ್ಕೆ ಹೋಗಿದ್ದೆವು. ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, ಈಗ ಉಬ್ಬಸದಿಂದ ನರಳುತ್ತಿರುವ ಹಿರಿಯರೊಬ್ಬರು ಅಲ್ಲಿದ್ದಾರೆ. ಪ್ರಾರ್ಥನೆ ಮುಗಿದು ಚಹಾ ಬರುವ ಹೊತ್ತಿಗೆ ಅವರು ದಿಂಬಿನಡಿಯಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು, ಎರಡು ಕಾಗದಗಳನ್ನು ನಮ್ಮ ಕೈಗಿತ್ತರು. ಒಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ಮುದ್ರಿತ ಹೊರರೋಗಿ ಚೀಟಿ. ಅದರಲ್ಲಿ ಹೆಸರು, ವಯಸ್ಸು, ದಿನಾಂಕ, ಮೊಹರು, ವೈದ್ಯರ ಸಹಿ ಎಲ್ಲವೂ ಇದ್ದವು. ಔಷಧಿಯೆಂದು ಒಂದೆರಡು ಮಾತ್ರೆಗಳ ಹೆಸರಿತ್ತು. ಇನ್ನೊಂದು, ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಹರಿದಂತಿದ್ದ ಎರಡು ಬೆರಳಗಲದ ಚೂರು. ಅದರಲ್ಲಿ ಇನ್ಹೇಲರ್ ಒಂದರ ಹೆಸರು ಮಾತ್ರವಿತ್ತು. ರೋಗಿಯ ಹೆಸರಿಲ್ಲ, ದಿನಾಂಕವಿಲ್ಲ, ಸಹಿಯಿಲ್ಲ.

“ಫಾದರ್, ಇದರಲ್ಲಿ ಸರಿಯಾದ ಚೀಟಿ ಯಾವುದು?” ಎಂದು ಅವರು ಕೇಳಿದರು. “ಮಾತ್ರೆ ಅಲ್ಲೇ ಸಿಕ್ಕಿತು. ಈ ಚೂರಿನಲ್ಲಿರುವುದನ್ನು ಮೆಡಿಕಲಿನಲ್ಲಿ ತೆಗೆದುಕೊಳ್ಳಿ, ಆದರೆ ನಾನು ಬರೆದುಕೊಟ್ಟೆನೆಂದು ಎಲ್ಲಿಯೂ ಹೇಳಬೇಡಿ ಎಂದರು ಡಾಕ್ಟರು. ಒಳ್ಳೆಯ ಮದ್ದಾದರೆ ಗುಟ್ಟು ಯಾಕೆ? ಕೆಟ್ಟದಾದರೆ ಬರೆದದ್ದು ಯಾಕೆ?”

ಸೆಮಿನರಿಯಲ್ಲಿ ತತ್ತ್ವಶಾಸ್ತ್ರವನ್ನು ಓದಿದ ವರ್ಷಗಳಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆಗಳನ್ನು ನಾವು ಎದುರಿಸಿದ್ದುಂಟು. ಆದರೆ ಇಷ್ಟು ನೇರವಾದದ್ದನ್ನು ಎದುರಿಸಿದ ನೆನಪಿಲ್ಲ. ಆ ದಿನ ನಾವು ಏನೋ ಒಂದು ಸಮಾಧಾನ ಹೇಳಿ ಬಂದೆವು. ಆ ಉತ್ತರ ನಮಗೇ ಸಾಲದೆ ಹೋದುದರಿಂದ ಈ ವಾರದ ಅಂಕಣವನ್ನು ಆ ಎರಡು ಚೀಟಿಗಳಿಗೆ ಮೀಸಲಿಟ್ಟಿದ್ದೇವೆ.

ಪೇಟೆಯ ಮನೆಗಳಿಗೆ ಕುಟುಂಬ ವೈದ್ಯರೆಂದರೆ ಅಜ್ಜನ ಕಾಲದಿಂದ ಪರಿಚಯವಿರುವ ಖಾಸಗಿ ಡಾಕ್ಟರರು. ಹಳ್ಳಿಯ ಬಡ ಸಂಸಾರಕ್ಕೆ ಆ ಸ್ಥಾನದಲ್ಲಿರುವವರು ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳೇ. ಖಾಸಗಿ ವೈದ್ಯರು ತಮಗೆ ತೋಚಿದ ಔಷಧಿಯನ್ನು ಬರೆಯಬಹುದು. ಸರಕಾರಿ ವೈದ್ಯರ ಕೈ ಅಷ್ಟು ಸ್ವತಂತ್ರವಲ್ಲ. ಅವರ ಮುಂದೆ ಅವಶ್ಯಕ ಔಷಧಿಗಳ ಪಟ್ಟಿಯೊಂದಿದೆ. ಕೇಂದ್ರದಲ್ಲಿ ದೊರೆಯುವ ಔಷಧಿಯನ್ನೇ ಬರೆಯಬೇಕು, ಹೊರಗಿನ ಅಂಗಡಿಗೆ ಚೀಟಿ ಕೊಡಕೂಡದು ಎಂದು ನಮ್ಮ ರಾಜ್ಯ ಸರಕಾರವು ಪದೇ ಪದೇ ಸುತ್ತೋಲೆ ಹೊರಡಿಸಿದೆ. ಮೀರಿದವರ ಮೇಲೆ ಕ್ರಮ ಕೈಗೊಳ್ಳುವುದಾಗಿಯೂ ಎಚ್ಚರಿಸಿದೆ. ಆ ಕ್ಯಾಲೆಂಡರ್ ಚೂರಿನ ಜನ್ಮರಹಸ್ಯ ಇಷ್ಟೇ. ಬರೆದರೆ ನಿಯಮಭಂಗ, ಬರೆಯದಿದ್ದರೆ ರೋಗಿಗೆ ಅನ್ಯಾಯ. ಆ ವೈದ್ಯರು ಎರಡರ ನಡುವೆ ಒಂದು ಸಂದಿಯನ್ನು ಹುಡುಕಿಕೊಂಡರು. ಅವರ ಮೇಲೆ ನಮಗೆ ಕೋಪವಿಲ್ಲ.

ಆದರೂ ನಿಯಮವನ್ನು ಒಮ್ಮೆಗೇ ಜರೆಯುವುದು ಸಲ್ಲದು. ಅದು ಯಾವ ರೋಗಕ್ಕೆ ಮದ್ದಾಗಿ ಬಂತೆಂಬುದನ್ನು ವಾಚಕರು ಬಲ್ಲರು. ಸರಕಾರಿ ಆಸ್ಪತ್ರೆಯ ಗೇಟಿನೆದುರು ಸಾಲುಗಟ್ಟಿ ನಿಂತ ಔಷಧಿ ಅಂಗಡಿಗಳನ್ನು ನೋಡದವರಾರು? ಒಳಗೆ ಉಚಿತವಾಗಿ ಸಿಗುವ ಮಾತ್ರೆಯನ್ನೇ ಹೊರಗೆ ಬೇರೊಂದು ಹೆಸರಿನಲ್ಲಿ ಕೊಳ್ಳುವಂತೆ ಬರೆದು, ಅಂಗಡಿಯಿಂದ ಪಾಲು ಪಡೆಯುವ ಕೆಟ್ಟ ಸಂಪ್ರದಾಯ ಈ ದೇಶದಲ್ಲಿ ಇಲ್ಲವೆಂದು ಯಾರೂ ಆಣೆಯಿಟ್ಟು ಹೇಳಲಾರರು. ಕೂಲಿಯ ಕೆಲಸ ಬಿಟ್ಟು ಬಂದ ತಾಯಿಯೊಬ್ಬಳು ಮಗುವಿನ ಜ್ವರಕ್ಕೆ ಟಾನಿಕ್ಕು, ಕೆಮ್ಮಿನ ಸಿರಪ್ಪು, ಶಕ್ತಿಯ ಪುಡಿ ಎಂದು ವಾರದ ಸಂಬಳವನ್ನೇ ತೆತ್ತು ಹೋಗುವುದನ್ನು ತಡೆಯಲು ಹೊರಟ ಸರಕಾರವನ್ನು ನಾವು ಹೇಗೆ ತಾನೇ ದೂರಲಿ?

ಪಟ್ಟಿಯೂ ಹಾಗೆಯೇ. ಅದು ಬಡವರಿಗೆಂದು ಕತ್ತರಿಸಿಟ್ಟ ಎರಡನೆಯ ದರ್ಜೆಯ ಸಾಮಾನಲ್ಲ. ಜೈಸುಖಲಾಲ್ ಹಾಥಿಯವರ ಅಧ್ಯಕ್ಷತೆಯ ಸಮಿತಿಯು 1975ರಷ್ಟು ಹಿಂದೆಯೇ ಭಾರತ ಸರಕಾರಕ್ಕೆ ಒಂದು ಮಾತು ಹೇಳಿತ್ತು: ಮಾರುಕಟ್ಟೆಯಲ್ಲಿ ಸಾವಿರಾರು ಹೆಸರುಗಳು ಕುಣಿಯುತ್ತಿದ್ದರೂ ನಮ್ಮ ಜನರ ಬಹುಪಾಲು ಕಾಯಿಲೆಗಳಿಗೆ ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಔಷಧಿಗಳು ಸಾಕು, ಕಂಪನಿ ಇಟ್ಟ ಹೆಸರುಗಳನ್ನು ಹಂತಹಂತವಾಗಿ ಬಿಟ್ಟು ಮೂಲ ಹೆಸರಿನಿಂದಲೇ ಅವನ್ನು ಕರೆಯಬೇಕು. ಎರಡು ವರ್ಷಗಳ ತರುವಾಯ, 1977ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಸುಮಾರು 200 ಔಷಧಿಗಳ ತನ್ನ ಮೊದಲ ಮಾದರಿ ಪಟ್ಟಿಯನ್ನು ಪ್ರಕಟಿಸಿತು. ಮರುವರ್ಷದ ಅಲ್ಮಾ ಆಟಾ ಘೋಷಣೆಯು ಅವಶ್ಯಕ ಔಷಧಿಗಳ ಪೂರೈಕೆಯನ್ನು ಪ್ರಾಥಮಿಕ ಆರೋಗ್ಯದ ಅಂಗಗಳಲ್ಲಿ ಒಂದೆಂದು ಎಣಿಸಿತು. ಭಾರತದ ರಾಷ್ಟ್ರೀಯ ಪಟ್ಟಿ ಬಂದದ್ದು 1996ರಲ್ಲಿ; ಅಷ್ಟು ತಡವೇಕೆಂಬುದು ಬೇರೆಯ ಕಥೆ. 2003, 2011, 2015ರಲ್ಲಿ ಅದು ಪರಿಷ್ಕಾರಗೊಂಡು, 2022ರ ಸೆಪ್ಟೆಂಬರಿನಲ್ಲಿ 384 ಔಷಧಿಗಳ ಪಟ್ಟಿಯಾಗಿ ಹೊರಬಂತು. ಆಗ 34 ಔಷಧಿಗಳು ಸೇರಿದವು, 26 ಬಿಟ್ಟುಹೋದವು. ನಮ್ಮ ಮನೆಗಳಲ್ಲಿ ಹೊಟ್ಟೆಯುರಿಗೆಂದು ಪೆಪ್ಪರ್‌ಮಿಂಟಿನಂತೆ ನುಂಗುತ್ತಿದ್ದ ರ‍್ಯಾನಿಟಿಡಿನ್ ಸಹ ಆ ಬಾರಿ ಪಟ್ಟಿಯಿಂದ ಕೆಳಗಿಳಿಯಿತು.

ಈ ಪಟ್ಟಿಯಲ್ಲಿ ಸಾಮಾನ್ಯ ಓದುಗನ ಕಣ್ಣಿಗೆ ಬೀಳದ ಒಂದು ಗುರುತಿದೆ. ಪ್ರತಿ ಔಷಧಿಯ ಮುಂದೆ ಅದು ಪ್ರಾಥಮಿಕ, ದ್ವಿತೀಯ, ತೃತೀಯ ಎಂಬ ಯಾವ ಯಾವ ಹಂತದ ಆಸ್ಪತ್ರೆಯಲ್ಲಿ ಇರಬೇಕೆಂದು ಅಕ್ಷರವೊಂದರಿಂದ ಸೂಚಿಸಲಾಗಿದೆ. ಹಾವಿನ ವಿಷಕ್ಕೆ ಪ್ರತಿವಿಷ ಮೂರೂ ಹಂತಗಳಲ್ಲಿ ಇರಬೇಕು. ಕಚ್ಚಿಸಿಕೊಂಡವನು ಜಿಲ್ಲಾಸ್ಪತ್ರೆಯವರೆಗೆ ಕಾಯಲಾರನಷ್ಟೆ. ಕ್ಯಾನ್ಸರಿನ ತೀಕ್ಷ್ಣ ಔಷಧಿಗಳು ಮೇಲಿನ ಹಂತಕ್ಕೆ ಮೀಸಲು. ಅವನ್ನು ಕೊಡಲು ಬೇರೆಯೇ ತರಬೇತಿ ಬೇಕು. ಹೀಗೆ ಯಾವ ವೈದ್ಯರ ಲೇಖನಿ ಎಲ್ಲಿಯವರೆಗೆ ಹೋಗಬೇಕೆಂಬ ಮೇರೆ ನಿರ್ಣಯವಾಗುತ್ತದೆ. ಆರೋಗ್ಯ ಉಪಕೇಂದ್ರಗಳನ್ನು ಮೇಲ್ದರ್ಜೆಗೇರಿಸಿದಾಗ ಕೇಂದ್ರ ಸರಕಾರವು ಅಲ್ಲಿಗೆ 105 ಔಷಧಿಗಳನ್ನೂ, ಪ್ರಾಥಮಿಕ ಕೇಂದ್ರಗಳಿಗೆ 170ಕ್ಕೂ ಮೇಲ್ಪಟ್ಟು ಔಷಧಿಗಳನ್ನೂ ಗೊತ್ತುಪಡಿಸಿತು. ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದ ಔಷಧಿಗೆ 2013ರ ಬೆಲೆ ನಿಯಂತ್ರಣ ಆಜ್ಞೆಯಂತೆ ಗರಿಷ್ಠ ಬೆಲೆಯೂ ನಿಗದಿಯಾಗುತ್ತದೆ. ಆದುದರಿಂದ ಸರಕಾರಿ ಆಸ್ಪತ್ರೆಯ ಹೊಸ್ತಿಲು ತುಳಿಯದ ಶ್ರೀಮಂತನಿಗೂ ಆ ಪಟ್ಟಿಯಿಂದ ಉಪಕಾರವಾಗುತ್ತಲೇ ಇದೆ. ಅವನಿಗದು ತಿಳಿಯದು, ಅಷ್ಟೇ.

ನಮ್ಮ ಹಿರಿಯರ ಇನ್ಹೇಲರ್ ವಿಷಯಕ್ಕೆ ಬರೋಣ. ಆ ಚೂರಿನಲ್ಲಿದ್ದ ಹೆಸರು ಬುಡೆಸೊನೈಡ್. ಶ್ವಾಸನಾಳದ ಊತವನ್ನು ಇಳಿಸುವ ಔಷಧಿ. ನಾವು ಮನೆಗೆ ಬಂದು ರಾಷ್ಟ್ರೀಯ ಪಟ್ಟಿಯಲ್ಲಿ ಹುಡುಕಿದೆವು. ಅದು ಅಲ್ಲಿಯೇ ಇದೆ! ಪಟ್ಟಿಯಲ್ಲಿರುವ ಔಷಧಿಯೇ ಗುಟ್ಟಿನ ಚೂರಿನಲ್ಲಿ ಬಂದದ್ದೇಕೆ? ಪಟ್ಟಿಯಲ್ಲಿದ್ದರೂ ಕಪಾಟಿನಲ್ಲಿ ಇರಲಿಲ್ಲ. ಇಂಡೆಂಟ್ ಹೋಗಿರಬಹುದು, ಉಗ್ರಾಣದಿಂದ ಬಂದಿರಲಿಕ್ಕಿಲ್ಲ, ಟೆಂಡರು ತಡವಾಗಿರಬಹುದು. ಕಾರಣಗಳು ನೂರು. ಪರಿಣಾಮ ಮಾತ್ರ ಒಂದೇ.

ಇಲ್ಲಿಯೇ ನಮ್ಮ ಮುಖ್ಯ ಆಕ್ಷೇಪ. ಸರಕಾರವು ‘ಇಂತಿಂಥ ಔಷಧಿಯನ್ನೇ ಬರೆಯಿರಿ’ ಎಂದು ವೈದ್ಯರ ಕೈಯನ್ನು ಕಟ್ಟುವಾಗ, ‘ಅವನ್ನು ನಾನು ತಪ್ಪದೆ ಒದಗಿಸುತ್ತೇನೆ’ ಎಂದು ತನ್ನ ಕೈಯನ್ನೂ ಕಟ್ಟಿಕೊಳ್ಳುತ್ತದೆ. ಪಟ್ಟಿಯೆಂದರೆ ನಿಷೇಧ ಮಾತ್ರವಲ್ಲ, ಅದೊಂದು ವಾಗ್ದಾನ. ವಾಗ್ದಾನದ ಅರ್ಧವನ್ನು ಕಪಾಟಿನಲ್ಲಿ ಮರೆತು, ನಿಷೇಧದ ಅರ್ಧವನ್ನು ಮಾತ್ರ ಸುತ್ತೋಲೆಯಲ್ಲಿ ಕಳುಹಿಸುವುದು ನ್ಯಾಯವಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಔಷಧಿ ಇಲ್ಲದಿರುವುದಕ್ಕಿಂತಲೂ ಅದು ಇಲ್ಲವೆಂದು ಬರೆಯಲಾಗದಿರುವುದೇ ಹೆಚ್ಚಿನ ಕೇಡು. ಔಷಧಿ ಇಲ್ಲದಿದ್ದರೆ ರೋಗಿ ಸಾಲ ಮಾಡಿಯೋ ಮಕ್ಕಳಿಗೆ ಹೇಳಿಯೋ ಕೊಂಡಾನು. ತನಗೆ ಬೇಕಾದ ಔಷಧಿ ಯಾವುದೆಂಬುದೇ ತಿಳಿಯದಿದ್ದರೆ ಅವನು ಏನನ್ನು ಕೊಳ್ಳಬೇಕು? ವೈದ್ಯರ ಮೌನವನ್ನು ಆತನು ‘ಇಷ್ಟೇ ಚಿಕಿತ್ಸೆ ಇರುವುದು’ ಎಂದು ಅರ್ಥ ಮಾಡಿಕೊಳ್ಳುತ್ತಾನೆ. ಎಲ್ಲ ವೈದ್ಯರೂ ಕ್ಯಾಲೆಂಡರ್ ಹರಿಯುವಷ್ಟು ಧೈರ್ಯವಂತರಲ್ಲ. ಸಸ್ಪೆಂಡ್ ಆಗುವ ಭಯದಿಂದ ಸುಮ್ಮನಿರುವವರ ರೋಗಿಗಳ ಲೆಕ್ಕವನ್ನು ಯಾವ ಕಚೇರಿಯೂ ಇಟ್ಟಿರುವುದಿಲ್ಲ.

ಈ ತೊಡಕು ಬಡ ದೇಶಕ್ಕೆ ಮಾತ್ರ ಬಂದದ್ದೆಂದು ತಿಳಿಯಬೇಡಿ. ನಮ್ಮ ಅನೇಕ ಕುಟುಂಬಗಳ ಹೆಣ್ಣುಮಕ್ಕಳು ದಾದಿಯರಾಗಿ ದುಡಿಯುತ್ತಿರುವ ಬ್ರಿಟನ್ನಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆ 1948ರ ಜುಲೈ 5ರಂದು ಪ್ರಾರಂಭವಾದಾಗ ಕುಟುಂಬ ವೈದ್ಯರು ಬರೆದ ಔಷಧಿಗಳೆಲ್ಲ ಉಚಿತ. ನಾಲ್ಕೇ ವರ್ಷಗಳಲ್ಲಿ, 1952ರಲ್ಲಿ, ಚೀಟಿಗೆ ಒಂದು ಶಿಲ್ಲಿಂಗ್ ಶುಲ್ಕ ಬಂತು. ಬಳಿಕ 1984ರ ನವೆಂಬರಿನಲ್ಲಿ ಆರೋಗ್ಯ ಸಚಿವ ನಾರ್ಮನ್ ಫೌಲರ್ ಅವರು ಹೊಸದೊಂದು ನಿರ್ಬಂಧವನ್ನು ಸಾರಿದರು. ಆಮ್ಲಶಾಮಕಗಳು, ಭೇದಿ ಔಷಧಿಗಳು, ಕೆಮ್ಮು ನೆಗಡಿಯ ಔಷಧಿಗಳು, ವಿಟಮಿನ್ ಮತ್ತು ಟಾನಿಕ್ಕುಗಳು, ಸಾಮಾನ್ಯ ನೋವಿನ ಮಾತ್ರೆಗಳು, ನಿದ್ರೆಯ ಹಾಗೂ ಉದ್ವೇಗಶಮನದ ಮಾತ್ರೆಗಳು ಎಂಬ ವರ್ಗಗಳಲ್ಲಿ ಆಯ್ದ ಕೆಲವನ್ನು ಮಾತ್ರ ಸರಕಾರಿ ಖರ್ಚಿನಲ್ಲಿ ಬರೆಯಬಹುದು, ಉಳಿದವು ಕಪ್ಪು ಪಟ್ಟಿಗೆ. ವೈದ್ಯರ ಸಂಘ ಸಿಡಿದೆದ್ದಿತು. ಔಷಧಿ ಕಂಪನಿಗಳು ಸಹ ರೋಗಿಗಳ ಹಿತದ ಹೆಸರೆತ್ತಿ ಕೂಗಾಡಿದವು; ಅವುಗಳ ಆ ಹಠಾತ್ ಕರುಣೆಯನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ವಾಚಕರಿಗೆ ಬಿಟ್ಟದ್ದು. ಆಯ್ದ ಔಷಧಿಗಳ ಸಂಖ್ಯೆಯನ್ನು ಸರಕಾರವು ಹೆಚ್ಚಿಸಿತಾದರೂ ತತ್ತ್ವವನ್ನು ಬಿಡಲಿಲ್ಲ. 1985ರ ಏಪ್ರಿಲ್ 1ರಿಂದ ನಿಯಮ ಜಾರಿಗೆ ಬಂತು. ಇಂಗ್ಲೆಂಡಿನಲ್ಲಿ 2018ರ ಮಾರ್ಚಿನಿಂದೀಚೆಗೆ, ತಾನಾಗಿ ವಾಸಿಯಾಗುವ ಸಣ್ಣಪುಟ್ಟ ಕಾಯಿಲೆಗಳಿಗೆ ಔಷಧಿಯನ್ನು ಅಂಗಡಿಯಿಂದಲೇ ಕೊಂಡುಕೊಳ್ಳಿರೆಂದು ಹೇಳುವಂತೆ ಕುಟುಂಬ ವೈದ್ಯರಿಗೆ ಸೂಚನೆಯೂ ಇದೆ.

ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸವಿರುವುದನ್ನು ಗಮನಿಸಬೇಕು. ‘ಇದಕ್ಕೆ ನಾನು ಹಣ ಕೊಡಲಾರೆ’ ಎಂದು ಆ ಸರಕಾರ ಹೇಳಿತು. ‘ಇದರ ಹೆಸರನ್ನು ರೋಗಿಗೆ ಹೇಳಕೂಡದು’ ಎಂದು ಹೇಳಲಿಲ್ಲ. ಮೊದಲನೆಯದು ಮನೆಯ ಯಜಮಾನನು ಸಂತೆಯ ಖರ್ಚಿಗೆ ಹಾಕುವ ಮಿತಿಯಂತೆ, ಒಪ್ಪಬಹುದು, ಜಗಳವಾಡಲೂಬಹುದು. ಎರಡನೆಯದು ಬಾಯಿಗೆ ಹಾಕುವ ಬೀಗ. ನಮ್ಮ ಸುತ್ತೋಲೆಗಳನ್ನು ಬರೆದವರ ಉದ್ದೇಶ ಬೀಗ ಹಾಕುವುದಾಗಿರಲಿಲ್ಲ, ನಿಜ. ಕಮಿಷನ್ ತಿನ್ನುವ ವೈದ್ಯರನ್ನು ಹಿಡಿಯಲು ಬೀಸಿದ ಬಲೆ ಅದು. ಬಲೆಗೆ ಸಿಕ್ಕಿದವರು ಮಾತ್ರ ಬೇರೆ.

ಅರಿಸ್ಟಾಟಲನು ನೀತಿಶಾಸ್ತ್ರದ ತನ್ನ ಗ್ರಂಥದ ಐದನೆಯ ಭಾಗದಲ್ಲಿ ಇಂಥದೇ ಸಂಕಟವನ್ನು ಚರ್ಚಿಸಿದ್ದಾನೆ. ಕಾನೂನು ಯಾವಾಗಲೂ ಸಾಮಾನ್ಯ ಸಂಗತಿಯನ್ನು ಕುರಿತು ಮಾತಾಡುತ್ತದೆ. ಬದುಕು ಒಂದೊಂದು ಸಲವೂ ವಿಶೇಷ ಸಂಗತಿಯನ್ನೇ ತಂದೊಡ್ಡುತ್ತದೆ. ಕಾನೂನು ತಪ್ಪೆಂದಲ್ಲ, ಎಲ್ಲವನ್ನೂ ಮುಂಗಾಣುವುದು ಅದರ ಸ್ವಭಾವದಲ್ಲಿಯೇ ಇಲ್ಲ. ಅದಕ್ಕೆ ಅವನು ಕೊಡುವ ಉಪಮೆ ಬಹು ಸೊಗಸಾದುದು. ಲೆಸ್ಬೋಸ್ ದ್ವೀಪದ ಕಲ್ಲುಕೆಲಸದವರ ಬಳಿ ಸೀಸದಿಂದ ಮಾಡಿದ ಅಳತೆಪಟ್ಟಿಯಿತ್ತಂತೆ. ಅದು ಕಲ್ಲಿನ ಆಕಾರಕ್ಕೆ ಬಾಗುತ್ತಿತ್ತು. ಬಾಗಿದರೂ ಅಳತೆ ಅಳತೆಯಾಗಿಯೇ ಉಳಿಯುತ್ತಿತ್ತು. ಸಂತ ತೋಮಸ್ ಅಕ್ವಿನಾಸರು ಇದೇ ಮಾತನ್ನು ಖಡ್ಗದ ದೃಷ್ಟಾಂತದಿಂದ ವಿವರಿಸಿದ್ದಾರೆ. ಒತ್ತೆಯಿಟ್ಟ ವಸ್ತುವನ್ನು ಕೇಳಿದಾಗ ಹಿಂದಿರುಗಿಸಬೇಕೆಂಬುದು ನಿಯಮ. ಆದರೆ ಖಡ್ಗವನ್ನು ಇಟ್ಟುಹೋದವನು ಬುದ್ಧಿ ಕೆಟ್ಟ ಸ್ಥಿತಿಯಲ್ಲಿ ಬಂದು ಕೇಳಿದರೆ ಕೊಡುವುದು ನಿಯಮಪಾಲನೆಯಲ್ಲ, ಅನಾಹುತ. ನಮ್ಮ ಗುರುಗಳು ಇದನ್ನು ಬೋಧಿಸುವಾಗ ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಅದು ಉಬ್ಬಸದ ರೋಗಿಯೊಬ್ಬರ ದಿಂಬಿನಡಿಯಲ್ಲಿ ಮತ್ತೆ ಎದುರಾಗುವುದೆಂದು ಅಂದು ಎಣಿಸಿರಲಿಲ್ಲ.

ಸೀಸದ ಅಳತೆಪಟ್ಟಿಗೆ ಸಮಾನವಾದ ಏರ್ಪಾಡು ನಮ್ಮ ವ್ಯವಸ್ಥೆಯಲ್ಲಿ ಇಲ್ಲವೇ ಇಲ್ಲವೆಂದಲ್ಲ. ಆರೋಗ್ಯ ಕೇಂದ್ರಗಳಲ್ಲಿ ಆರೋಗ್ಯ ರಕ್ಷಾ ಸಮಿತಿಯೆಂಬುದೊಂದಿದೆ. ಗ್ರಾಮದ ಚುನಾಯಿತ ಪ್ರತಿನಿಧಿಗಳಿಗೂ ಅಲ್ಲಿ ಸ್ಥಾನವಿದೆ. ಅದರ ಕೈಯಲ್ಲಿ ಸ್ವಲ್ಪ ಹಣವಿರುತ್ತದೆ. ಉಗ್ರಾಣದಿಂದ ಬಾರದ ತುರ್ತಿನ ಔಷಧಿಯನ್ನು ಸ್ಥಳೀಯವಾಗಿ ಕೊಳ್ಳಲು ಅದನ್ನು ಬಳಸಲು ಬರುತ್ತದೆ. ಆದರೆ ಕೊಳ್ಳಬೇಕಾದರೆ ಬೇಡಿಕೆ ಕಾಗದದ ಮೇಲೆ ಇರಬೇಕು. ಗುಟ್ಟಿನ ಚೂರು ಯಾವ ಲೆಕ್ಕಕ್ಕೂ ಬಾರದು. ಮುದ್ರಿತ ಚೀಟಿಯಲ್ಲಿ ‘ಈ ಔಷಧಿ ಬೇಕು, ಕೇಂದ್ರದಲ್ಲಿ ದಾಸ್ತಾನಿಲ್ಲ’ ಎಂದು ವೈದ್ಯರು ಬರೆದು ಸಹಿ ಹಾಕಿದ್ದರೆ ಸಮಿತಿಗೆ ಅದೊಂದು ಸಾಕ್ಷ್ಯ, ಜಿಲ್ಲಾ ಕಚೇರಿಗೆ ಅದೊಂದು ಎಚ್ಚರಿಕೆ. ಬರೆಯುವುದನ್ನು ನಿಷೇಧಿಸಿದ ಸರಕಾರವು ತನ್ನ ಕೊರತೆಯನ್ನು ತಾನೇ ನೋಡಲಾಗದಂತೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದೆ.

ನೆರೆಯ ತಮಿಳುನಾಡು ಈ ಕೊರತೆಯನ್ನು ನೀಗಲು 1994ರಲ್ಲಿಯೇ ಔಷಧಿ ಖರೀದಿಗೆಂದು ಪ್ರತ್ಯೇಕ ನಿಗಮವನ್ನು ಸ್ಥಾಪಿಸಿತು. ಪ್ರತಿ ಆಸ್ಪತ್ರೆಗೂ ಬ್ಯಾಂಕಿನಲ್ಲಿರುವಂತೆ ಒಂದು ಪಾಸ್‌ಪುಸ್ತಕ. ತನಗೆ ಮೀಸಲಾದ ಹಣದೊಳಗೆ ಯಾವ ಔಷಧಿ ಎಷ್ಟು ಬೇಕೆಂದು ಆಸ್ಪತ್ರೆಯೇ ನಿರ್ಧರಿಸಿ ಉಗ್ರಾಣದಿಂದ ತರಿಸಿಕೊಳ್ಳುತ್ತದೆ. ಬಂದ ಸರಕನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಹಂಚುವುದಿಲ್ಲ. ರಾಜಸ್ಥಾನವು 2011ರ ಅಕ್ಟೋಬರ್ 2ರಂದು ಉಚಿತ ಔಷಧಿ ಯೋಜನೆಯನ್ನು ಆರಂಭಿಸಿದಾಗ ಅಂಥದೇ ಮಾರ್ಗವನ್ನು ಹಿಡಿಯಿತು. ನಮ್ಮಲ್ಲಿಯೂ ವೈದ್ಯಕೀಯ ಸರಬರಾಜಿಗೆ ನಿಗಮವಿದೆ, ಉಗ್ರಾಣಗಳಿವೆ. ನಿಗಮವಿದ್ದ ಮಾತ್ರಕ್ಕೆ ಕಪಾಟು ತುಂಬುವುದಿಲ್ಲ ಎಂಬುದು ಮಾತ್ರ ದುಃಖದ ಸಂಗತಿ.

ಪರೀಕ್ಷೆಯ ಮಾತು ಬಂದುದರಿಂದ ಇನ್ನೊಂದು ನಿಯಮವನ್ನೂ ಇಲ್ಲಿಯೇ ಪ್ರಸ್ತಾಪಿಸಬೇಕು. ಔಷಧಿಯನ್ನು ಕಂಪನಿಯ ಹೆಸರಿನಲ್ಲಿ ಬರೆಯದೆ ಜನರಿಕ್ ಹೆಸರಿನಲ್ಲಿ, ಅಂದರೆ ಮೂಲ ಹೆಸರಿನಲ್ಲಿ, ಬರೆಯಬೇಕೆಂಬುದು ಆ ನಿಯಮ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆಯ ನಿಯಮಗಳಲ್ಲಿ ಇದು ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮೃದುವಾದ ಮಾತಿನಲ್ಲಿತ್ತು. 2016ರ ತಿದ್ದುಪಡಿಯಲ್ಲಿ ಆ ಮೃದುತನ ಹೋಗಿ, ಸ್ಪಷ್ಟವಾಗಿ, ಆದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದಾಯಿತು. 2023ರ ಆಗಸ್ಟ್ ತಿಂಗಳಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ದಂಡನೆಯ ಮಾತುಗಳನ್ನೂ ಸೇರಿಸಿ ಹೊಸ ನಿಯಮಾವಳಿಯನ್ನು ಹೊರಡಿಸಿತು; ವೈದ್ಯರ ಪ್ರತಿಭಟನೆಯಿಂದಾಗಿ ಮೂರು ವಾರಗಳೊಳಗೆ ಅದೇ ತಿಂಗಳ 23ರಂದು ಅದನ್ನು ತಡೆಹಿಡಿಯಿತು.

ವೈದ್ಯರ ಆಕ್ಷೇಪವೆಲ್ಲ ಸ್ವಾರ್ಥವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಅವರು ಕೇಳುವುದು ಹೀಗೆ: ‘ನಾನು ಮೂಲ ಹೆಸರನ್ನು ಬರೆದರೆ ಯಾವ ಕಾರ್ಖಾನೆಯ ಮಾತ್ರೆ ಕೊಡಬೇಕೆಂದು ಅಂಗಡಿಯವನು ನಿರ್ಧರಿಸುತ್ತಾನೆ. ಹೆಚ್ಚು ಲಾಭ ಕೊಡುವ ಮಾತ್ರೆಯನ್ನು ಅವನು ಕೊಟ್ಟು, ಅದು ಕೆಲಸ ಮಾಡದಿದ್ದರೆ ರೋಗಿ ಬೈಯುವುದು ಯಾರನ್ನು?’ ಪ್ರಶ್ನೆ ಸಣ್ಣದಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಮೃತಪಟ್ಟ ಸುದ್ದಿಯನ್ನು ಓದಿ ಕಣ್ಣೀರಿಡದ ತಾಯಂದಿರಿಲ್ಲ. ಅವರ ನರಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು, ಸರಕಾರವು ಅದರ ಬಳಕೆಯನ್ನು ತಡೆಹಿಡಿದು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು. ಆ ದ್ರಾವಣವನ್ನು ಆಯ್ದವರು ಹಾಸಿಗೆಯ ಪಕ್ಕದಲ್ಲಿದ್ದ ವೈದ್ಯರಲ್ಲ; ಅದನ್ನು ಒದಗಿಸಿದ್ದು ಸರಕಾರವೇ. ವೈದ್ಯರ ಆಯ್ಕೆಯನ್ನು ತೆಗೆದುಕೊಂಡವನು ಆ ಆಯ್ಕೆಯ ಹೊಣೆಯನ್ನೂ ತೆಗೆದುಕೊಳ್ಳಬೇಕಲ್ಲವೇ?

ಹಾಗೆಂದು ‘ಸರಕಾರಿ ಮಾತ್ರೆಯೆಂದರೆ ಸುಣ್ಣದ ಉಂಡೆ’ ಎಂದು ಮೂಗು ಮುರಿಯುವವರ ಪಕ್ಷವನ್ನೂ ನಾವು ವಹಿಸಲಾರೆವು. ಹೊಳೆಯುವ ಹೊದಿಕೆಯ ದುಬಾರಿ ಮಾತ್ರೆಯೂ ಅಗ್ಗದ ಮಾತ್ರೆಯೂ ಒಂದೇ ಕಾರ್ಖಾನೆಯಿಂದ ಹೊರಡುವುದುಂಟು. ಸಂಶಯವನ್ನು ಪರಿಹರಿಸುವುದು ಪ್ರಯೋಗಾಲಯ, ಹೊದಿಕೆಯ ಬಣ್ಣವಲ್ಲ.

ಜನೌಷಧಿ ಮಳಿಗೆಗಳ ವಿಷಯದಲ್ಲಿ ಎದ್ದ ವಾದವೂ ಇದಕ್ಕೆ ಸೇರಿದ್ದೇ. 2008ರಲ್ಲಿ ಅಮೃತಸರದಲ್ಲಿ ಮೊದಲ ಮಳಿಗೆ ತೆರೆದ ಆ ಯೋಜನೆ 2025ರ ಹೊತ್ತಿಗೆ ದೇಶದಲ್ಲಿ 15 ಸಾವಿರ ಮಳಿಗೆಗಳನ್ನು ದಾಟಿತು. ನಮ್ಮ ರಾಜ್ಯ ಸರಕಾರವು 2025ರ ಮೇ ತಿಂಗಳಲ್ಲಿ ಸರಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಮಳಿಗೆಗಳನ್ನು ಮುಚ್ಚಲು ಆಜ್ಞೆ ಮಾಡಿತು. ಆಸ್ಪತ್ರೆಯಲ್ಲಿ ಔಷಧಿ ಉಚಿತವಾಗಿರುವಾಗ ಅದೇ ಅಂಗಳದಲ್ಲಿ ಮಾರಾಟವೇಕೆ ಎಂಬುದು ಸರಕಾರದ ವಾದ. ವಾದ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ರಾಜಕೀಯದ ಪಕ್ಷ ಪ್ರತಿಪಕ್ಷಗಳಲ್ಲಿ ನಮಗೆ ಆಸಕ್ತಿಯಿಲ್ಲ. ತರ್ಕದ ದೃಷ್ಟಿಯಿಂದ ಸರಕಾರದ ಮಾತು ನಿರ್ದುಷ್ಟವಾಗಿಯೇ ಇದೆ, ಅದರ ಮೊದಲ ವಾಕ್ಯ ನಿಜವಾಗಿದ್ದ ಪಕ್ಷದಲ್ಲಿ. ‘ಎಲ್ಲ ಔಷಧಿಯೂ ಒಳಗೆ ಉಚಿತವಾಗಿ ಸಿಗುತ್ತದೆ’ ಎಂಬ ಆಧಾರವಾಕ್ಯ ಸುಳ್ಳಾದ ದಿನ ತೀರ್ಮಾನವೂ ಕುಸಿಯುತ್ತದೆ. ಆ ದಿನ ರೋಗಿಗೆ ಉಳಿಯುವುದು ಗೇಟಿನ ಹೊರಗಿನ ಅಂಗಡಿಯೇ.

ಇಷ್ಟು ಹೊತ್ತು ಸರಕಾರವನ್ನು ಪ್ರಶ್ನಿಸಿದೆವು. ಈಗ ಸ್ವಲ್ಪ ನಮ್ಮ ಮನೆಗಳೊಳಗೂ ನೋಡೋಣ. ‘ಆ ಡಾಕ್ಟರು ಒಂದು ಇಂಜೆಕ್ಷನನ್ನೂ ಕೊಡಲಿಲ್ಲ’ ಎಂದು ದೂರುವವರು ಯಾರು? ಮಗುವಿಗೆ ನೆಗಡಿಯಾದರೆ ಮೂರನೆಯ ದಿನಕ್ಕೆ ‘ಸ್ಟ್ರಾಂಗ್ ಮದ್ದು ಕೊಡಿ’ ಎಂದು ಒತ್ತಾಯಿಸುವವರು ನಾವೇ. ಹೀಗೆ ಕೇಳಿ ಪಡೆದ ಆಂಟಿಬಯಾಟಿಕ್ಕುಗಳು ನಿಜವಾಗಿ ಬೇಕಾದ ದಿನ ಕೆಲಸ ಮಾಡದಂತಾಗುತ್ತವೆ. ಈ ಕಾರಣದಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಅವನ್ನು ಮೂರು ಗುಂಪಾಗಿ ವಿಂಗಡಿಸಿತು: ಸುಲಭವಾಗಿ ಎಲ್ಲರಿಗೂ ದೊರೆಯಬೇಕಾದವು, ಎಚ್ಚರದಿಂದ ಬಳಸಬೇಕಾದವು, ಕೊನೆಯ ಉಪಾಯವಾಗಿ ಕಾದಿರಿಸಬೇಕಾದವು. ಎರಡು ಮೂರು ಔಷಧಿಗಳನ್ನು ಅರ್ಥವಿಲ್ಲದೆ ಒಂದೇ ಮಾತ್ರೆಯಲ್ಲಿ ಬೆರೆಸಿ ಮಾರುವ ಚಾಳಿಯೂ ನಮ್ಮ ದೇಶದಲ್ಲಿ ವಿಪರೀತ. ಕೇಂದ್ರ ಸರಕಾರವು 2016ರಲ್ಲಿ 344, 2018ರಲ್ಲಿ 328, 2024ರಲ್ಲಿ 156 ಅಂಥ ಮಿಶ್ರಣಗಳನ್ನು ನಿಷೇಧಿಸಿತು. ಇಷ್ಟು ಮಿಶ್ರಣಗಳನ್ನು ಬರೆದವರು ವೈದ್ಯರಾದರೆ, ನುಂಗಿ ‘ಒಳ್ಳೆಯ ಡಾಕ್ಟರು’ ಎಂದು ಹೊಗಳಿದವರು ನಾವು. ಪಟ್ಟಿಯನ್ನು ನೆಚ್ಚಿ ಎರಡೇ ಮಾತ್ರೆ ಬರೆದ ಆರೋಗ್ಯ ಕೇಂದ್ರದ ಯುವ ವೈದ್ಯೆಯನ್ನು ‘ಏನೂ ತಿಳಿಯದ ಹುಡುಗಿ’ ಎಂದು ಹೀಗಳೆದದ್ದನ್ನು ನಮ್ಮ ಇಗರ್ಜಿಯ ಅಂಗಳದಲ್ಲಿಯೇ ಕೇಳಿದ್ದೇವೆ. ಆಕೆ ಸರಿಯಾದುದನ್ನೇ ಮಾಡಿದ್ದಳು.

ಆದುದರಿಂದ ಪಟ್ಟಿ ಇರಲಿ, ಮೂಲ ಹೆಸರಿನ ನಿಯಮವೂ ಇರಲಿ. ಹೊರಗಿನ ಚೀಟಿಯ ನಿಷೇಧವನ್ನು ಮಾತ್ರ ತಿದ್ದಬೇಕು. ಒಳಗೆ ದಾಸ್ತಾನಿರುವ ಔಷಧಿಯನ್ನು ಹೊರಗೆ ಬರೆದವರಿಗೆ ಶಿಕ್ಷೆಯಾಗಲಿ. ದಾಸ್ತಾನಿಲ್ಲದುದನ್ನು ಮೂಲ ಹೆಸರಿನಲ್ಲಿ, ಸಹಿ ಹಾಕಿ, ಮುದ್ರಿತ ಚೀಟಿಯಲ್ಲಿಯೇ ಬರೆದವರಿಗೆ ರಕ್ಷಣೆಯಿರಲಿ. ಔಷಧಿ ಕೊಡುವ ಕಿಟಕಿಯ ಪಕ್ಕದ ಹಲಗೆಯಲ್ಲಿ ಅಂದಂದಿನ ದಾಸ್ತಾನನ್ನು, ಮುಗಿದುಹೋದ ಔಷಧಿಗಳನ್ನು ಸಹ, ಕನ್ನಡದಲ್ಲಿ ಬರೆದಿಡಲಿ. ಇದಕ್ಕೆ ಹೊಸ ಕಾಯಿದೆ ಬೇಡ, ಹೆಚ್ಚಿನ ಹಣವೂ ಬೇಡ. ಸೀಮೆಸುಣ್ಣವೊಂದು ಸಾಕು.

ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ಒಂದು ವಿನಂತಿ. ಸಹಿಯಿಲ್ಲದ ಇಂಥ ಚೂರು ಚೀಟಿಗಳು ನಿಮ್ಮ ಮನೆಯಲ್ಲಿದ್ದರೆ ಎಸೆಯಬೇಡಿ. ವಾಳೆಯ ಗುರಿಕಾರರ ಮೂಲಕ ಕಚೇರಿಗೆ ತಲುಪಿಸಿ. ವೈದ್ಯರ ಹೆಸರಾಗಲಿ ನಿಮ್ಮ ಹೆಸರಾಗಲಿ ಬೇಡ. ಔಷಧಿಯ ಹೆಸರು, ಅದು ಸಿಗದೆ ಹೋದ ತಿಂಗಳು, ಹೊರಗೆ ತೆತ್ತ ಹಣ ಇಷ್ಟನ್ನು ಹಿಂಬದಿಯಲ್ಲಿ ಬರೆದರಾಯಿತು. ಅನ್ಯ ಧರ್ಮದ ನೆರೆಯವರ ಚೀಟಿಗಳನ್ನೂ ಕೇಳಿ ತನ್ನಿ; ಉಬ್ಬಸಕ್ಕೆ ಜಾತಿಯಿಲ್ಲ. ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಗೆ ನಮ್ಮ ಗ್ರಾಮದ ಪಂಚಾಯತ್ ಸದಸ್ಯರು ಅವನ್ನು ಒಂದು ಪಟ್ಟಿಯಾಗಿ ಒಯ್ಯಲು ಒಪ್ಪಿದ್ದಾರೆ. ಹಂಚಿನ ಕಾರ್ಖಾನೆಯ ಹಿರಿಯರ ಚೂರು ಈಗಾಗಲೇ ನಮ್ಮ ಮೇಜಿನ ಖಾನೆಯಲ್ಲಿದೆ. ಅದನ್ನು ಕೊಡುವಾಗ ಅವರು ಮತ್ತೊಮ್ಮೆ ಕೇಳಿದ್ದು ಇಷ್ಟೇ: “ಡಾಕ್ಟರಿಗೆ ತೊಂದರೆಯಾಗದಲ್ಲ, ಫಾದರ್?”